ಹುಟ್ಟೂರು ಗೊತ್ತಿರುವ ತಗಡು: ಮನೆಯಲ್ಲಿ ವಿಮಾನ ಕಟ್ಟುವುದರ ಒಂದು ಚರಿತ್ರೆ

ಧಾರಾವಿಯ ಉತ್ತರದ ಅಂಚಿನಲ್ಲಿ ಮಿಠಿ ನದಿ ಹರಿಯುತ್ತದೆ. ನದಿಯ ಆಚೆ ದಡದಲ್ಲಿ ಬಾಂದ್ರಾ-ಕುರ್ಲಾ ಸಂಕೀರ್ಣದ ಗಾಜಿನ ಕಟ್ಟಡಗಳಿವೆ, ಈಚೆ ದಡದಲ್ಲಿ ತಗಡಿನ ಮಾಡುಗಳಿವೆ. ಇನ್ನೂ ಉತ್ತರಕ್ಕೆ ಕಣ್ಣು ಹಾಯಿಸಿದರೆ ವಿಮಾನಗಳು ಏರಿಳಿಯುವುದು ಕಾಣುತ್ತದೆ. ಈ ಮೂರೂ ಒಂದೇ ನೋಟದೊಳಗೆ ಇದ್ದರೂ ಒಂದಕ್ಕೊಂದು ಸಂಬಂಧವಿದೆಯೆಂದು ನಮಗೆ ಬಹುಕಾಲ ಅನ್ನಿಸಿರಲಿಲ್ಲ. ಅನ್ನಿಸಿದ್ದು 2016ರ ಫೆಬ್ರವರಿಯಲ್ಲಿ. ಆ ತಿಂಗಳ 13ರಿಂದ 18ರವರೆಗೆ ಸಂಕೀರ್ಣದ ಎಂಎಂಆರ್‌ಡಿಎ ಮೈದಾನದಲ್ಲಿ ‘ಮೇಕ್ ಇನ್ ಇಂಡಿಯಾ’ ಸಪ್ತಾಹ ನಡೆಯಿತು. ದೊಡ್ಡ ದೊಡ್ಡ ಸಂಸ್ಥೆಗಳ ಯಂತ್ರಗಳ ನಡುವೆ ಆರು ಆಸನಗಳ ಒಂದು ಲೋಹದ ವಿಮಾನವೂ ಅಲ್ಲಿತ್ತು. ಅದನ್ನು ಯಾವ ಕಾರ್ಖಾನೆಯೂ ಕಟ್ಟಿರಲಿಲ್ಲ. ಕಾಂದಿವಲಿಯ ಚಾರ್ಕೋಪ್‌ನ ಒಂದು ವಸತಿ ಕಟ್ಟಡದ ತಾರಸಿಯ ಮೇಲೆ ಅಮೋಲ್ ಯಾದವ್ ಎಂಬ ವಿಮಾನ ಚಾಲಕರು ಅದನ್ನು ಕಟ್ಟಿದ್ದರು.

ನಮ್ಮೊಡನೆ ಅಂದು ಧಾರಾವಿಯ ಹಿರಿಯರೊಬ್ಬರು ಬಂದಿದ್ದರು. ಕಲಬುರಗಿ ಸೀಮೆಯಿಂದ ಹುಡುಗರಾಗಿದ್ದಾಗಲೇ ಮುಂಬಯಿಗೆ ಬಂದು, ತಗಡಿನ ಕೆಲಸ ಕಲಿತು, ತೊಂಬತ್ತು ಅಡಿ ರಸ್ತೆಯ ಒಳಗಲ್ಲಿಯಲ್ಲಿ ಸ್ವಂತ ಕಾರ್ಖಾನೆ ನಡೆಸುತ್ತಿದ್ದವರು. ಕಾರ್ಖಾನೆ ಎಂದರೆ ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಒಂದು ಕೋಣೆ. ಜನರೆಲ್ಲ ವಿಮಾನದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರೆ ಅವರು ಬಾಗಿ ರೆಕ್ಕೆಯ ಕೆಳಭಾಗವನ್ನು ನೋಡುತ್ತಿದ್ದರು. ಸಾಲಾಗಿ ಹೊಡೆದ ರಿವೆಟ್‌ಗಳನ್ನು ಬಹಳ ಹೊತ್ತು ನೋಡಿ, “ಇದು ನಮ್ಮ ಕೆಲಸನೇ ಅದ ರೀ ಸಾಹೇಬ್ರ. ಪತ್ರಾ ಕೊಯ್ಯಾದು, ಬಗ್ಗಸಾದು, ರಿಪಿಟ್ ಹೊಡ್ಯಾದು. ಆದ್ರ ಈ ಪತ್ರಾಕ್ಕ ಹುಟ್ಟಿದೂರು ಗೊತ್ತಿರ್ತದ, ನಮ್ಮ ಪತ್ರಾಕ್ಕ ಗೊತ್ತಿರಾದಿಲ್ಲ” ಎಂದರು. ಈ ಮಾತಿನ ಅರ್ಥ ನಮಗೆ ಅಲ್ಲಿಯೇ ಆಗಲಿಲ್ಲ. ಅದನ್ನು ಅರಿಯುವ ಪ್ರಯತ್ನವೇ ಈ ಬರಹ.

ವಿಮಾನವೆಂಬುದು ಮಹಾ ಕಾರ್ಖಾನೆಯಲ್ಲಿ ಮಾತ್ರ ಹುಟ್ಟುವ ವಸ್ತುವೆಂಬ ಭಾವನೆ ನಮ್ಮಲ್ಲಿ ಗಾಢವಾಗಿದೆ. ಚರಿತ್ರೆ ಹೇಳುವುದು ಬೇರೆ. 1903ರ ಡಿಸೆಂಬರ್ 17ರಂದು ಮೊದಲು ಹಾರಿದ ರೈಟ್ ಸಹೋದರರ ವಿಮಾನ ಒಂದು ಸೈಕಲ್ ಅಂಗಡಿಯ ಕೂಸು. ಅದರ ಚೌಕಟ್ಟು ಬಡಗಿಯ ಕೆಲಸ, ರೆಕ್ಕೆಯ ಹೊದಿಕೆ ಹೊಲಿಗೆ ಯಂತ್ರದಲ್ಲಿ ಹೊಲಿದ ಮಸ್ಲಿನ್ ಬಟ್ಟೆ. ಎಂಜಿನ್ನಿನ ಒಡಲನ್ನು ಅವರ ಊರಾದ ಡೇಟನ್ನಿನ ಎರಕದ ಮನೆಯಲ್ಲಿ ತಾಮ್ರ ಬೆರೆಸಿದ ಅಲ್ಯೂಮಿನಿಯಮ್ಮಿನಿಂದ ಎರಕ ಹೊಯ್ದಿದ್ದರು. ಬಡಗಿ, ಸಿಂಪಿಗ, ಎರಕದವ, ಸೈಕಲ್ ರಿಪೇರಿಯವ ಎಂಬ ನಾಲ್ಕು ಕಸುಬುಗಳ ಕೂಡುಬಾಳೇ ಆ ವಿಮಾನ. ಈ ನಾಲ್ಕೂ ಕಸುಬಿನವರು ಇಂದಿಗೂ ಧಾರಾವಿಯಲ್ಲಿ ಒಂದು ಕೂಗಳತೆಯೊಳಗೆ ಸಿಗುತ್ತಾರೆ.

ರೈಟ್ ಸಹೋದರರು ತಮ್ಮ ವಿದ್ಯೆಯನ್ನು ಪೇಟೆಂಟಿನ ಬೇಲಿಯೊಳಗೆ ಇಟ್ಟರು. ಬ್ರೆಜಿಲ್ ಮೂಲದ ಸಾಂತೋಸ್ ದ್ಯುಮೊಂ ಪ್ಯಾರಿಸ್ಸಿನಲ್ಲಿದ್ದುಕೊಂಡು ಇದಕ್ಕೆ ವಿರುದ್ಧವಾದ ದಾರಿ ಹಿಡಿದರು. ಬಿದಿರು ಮತ್ತು ರೇಷ್ಮೆಯ ತಮ್ಮ ಪುಟ್ಟ ‘ದೆಮ್ವಾಸೆಲ್’ ವಿಮಾನದ ಮೇಲೆ ಅವರು ಹಕ್ಕು ಸಾಧಿಸಲಿಲ್ಲ. ಅದರ ನಕ್ಷೆಗಳು 1910ರಲ್ಲಿ ಅಮೆರಿಕದ ‘ಪಾಪ್ಯುಲರ್ ಮೆಕ್ಯಾನಿಕ್ಸ್’ ಪತ್ರಿಕೆಯಲ್ಲಿ ಅಚ್ಚಾದವು. ಪತ್ರಿಕೆ ಕೊಂಡವನು ವಿಮಾನ ಕಟ್ಟಬಹುದು ಎಂಬ ಹೊಸ ಪರಿಸ್ಥಿತಿ ಹುಟ್ಟಿತು. ಮನೆಯಲ್ಲಿ ವಿಮಾನ ಕಟ್ಟುವ ಹವ್ಯಾಸದ ಮೂಲವನ್ನು ಇಲ್ಲಿಯೇ ಗುರುತಿಸಬಹುದು.

ಅದೇ 1910ರಲ್ಲಿ ನಮ್ಮ ದೇಶದಲ್ಲಿಯೂ ಒಂದು ಪ್ರಯೋಗ ನಡೆಯಿತು. ಮದರಾಸಿನಲ್ಲಿ ಹೋಟೆಲು ನಡೆಸುತ್ತಿದ್ದ ಜಾಕೊಮೊ ಡಿ’ಏಂಜೆಲಿಸ್, ಹಿಂದಿನ ವರ್ಷ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಸುದ್ದಿಯಿಂದ ಪ್ರೇರಿತನಾಗಿ ತಾನೇ ಒಂದು ವಿಮಾನ ಮಾಡಿಸಿದ. ಅದನ್ನು ಮಾಡಿಕೊಟ್ಟದ್ದು ಸಾರೋಟುಗಳನ್ನು ತಯಾರಿಸುತ್ತಿದ್ದ ಸಿಂಪ್ಸನ್ ಸಂಸ್ಥೆ. ಕುದುರೆ ಬಂಡಿಯ ಕುಶಲಿಗಳು ವಿಮಾನದ ಕೆಲಸ ಮಾಡಿದರು ಎಂಬುದನ್ನು ಗಮನಿಸಬೇಕು. ಹೊಸ ಯಂತ್ರವೊಂದು ಬಂದಾಗ ಅದನ್ನು ಮೊದಲು ಎತ್ತಿಕೊಳ್ಳುವುದು ಹಳೆಯ ಕಸುಬಿನ ಕೈಗಳೇ.

ಮುಂಬಯಿಗೆ ಈ ವಿಷಯದಲ್ಲಿ ತನ್ನದೇ ಒಂದು ಐತಿಹ್ಯವುಂಟು, ಅದಕ್ಕೆ ಕನ್ನಡನಾಡಿನ ನಂಟೂ ಉಂಟು. ಶಿವಕರ ಬಾಪೂಜಿ ತಳಪದೆ ಎಂಬವರು 1895ರಲ್ಲಿ ಚೌಪಾಟಿಯ ಮರಳಿನ ಮೇಲಿಂದ ಮಾನವರಹಿತ ವಿಮಾನವೊಂದನ್ನು ಹಾರಿಸಿದರೆಂದು ಕಥೆ. ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು ಅವರಿಗೆ ಮಾರ್ಗದರ್ಶನ ಮಾಡಿದರೆಂಬ ಮಾತೂ ಚಾಲ್ತಿಯಲ್ಲಿದೆ. ಇದೇ ಶಾಸ್ತ್ರಿಗಳು ಹೇಳಿ ಬರೆಯಿಸಿದ ‘ವೈಮಾನಿಕ ಶಾಸ್ತ್ರ’ 1973ರಲ್ಲಿ ಮೈಸೂರಿನ ಜಿ. ಆರ್. ಜೋಸ್ಯರ್ ಅವರಿಂದ ಇಂಗ್ಲಿಷಿಗೆ ಬಂತು. ಮರುವರ್ಷವೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಅದನ್ನು ಕೂಲಂಕಷವಾಗಿ ಪರೀಕ್ಷಿಸಿದರು. ಗ್ರಂಥದ ಕಾಲ 1904ಕ್ಕಿಂತ ಹಿಂದಿನದಲ್ಲವೆಂದೂ, ಅದರಲ್ಲಿ ವರ್ಣಿಸಿದ ಯಂತ್ರಗಳು ಹಾರಲಾರವೆಂದೂ ಅವರು ತೀರ್ಮಾನಿಸಿದರು. ಚೌಪಾಟಿಯ ಹಾರಾಟಕ್ಕೂ ನಂಬಬಹುದಾದ ಸಮಕಾಲೀನ ದಾಖಲೆಯಿಲ್ಲ. ತಳಪದೆಯವರ ಉತ್ಸಾಹವನ್ನು ನಾವು ಗೌರವಿಸಬಹುದು. ಆದರೆ ನಕ್ಷೆಯಿಲ್ಲದೆ, ಅಳತೆಯಿಲ್ಲದೆ, ಎರಡನೆಯವನು ಮತ್ತೆ ಕಟ್ಟಿ ನೋಡಲು ಬಾರದಂತೆ ಉಳಿದ ವಿಮಾನ ಚರಿತ್ರೆಯೊಳಗೆ ಇಳಿಯುವುದಿಲ್ಲ. ಸಾಂತೋಸ್ ದ್ಯುಮೊಂ ಬಿಟ್ಟುಹೋದದ್ದು ನಕ್ಷೆಯನ್ನು, ತಳಪದೆಯವರ ಅಭಿಮಾನಿಗಳು ಉಳಿಸಿಕೊಂಡದ್ದು ಹೆಮ್ಮೆಯನ್ನು. ಈ ವ್ಯತ್ಯಾಸ ಸಣ್ಣದಲ್ಲ.

ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಮನೆಯ ವಿಮಾನ ಒಂದು ಜನಪ್ರಿಯ ಕನಸಾಯಿತು. ಅಮೆರಿಕದ ಮಿನೆಸೋಟದ ಹಳ್ಳಿಯೊಂದರಲ್ಲಿ ಬರ್ನಾರ್ಡ್ ಪೀಟನ್‌ಪೋಲ್ ಎಂಬಾತ ಫೋರ್ಡ್ ಕಾರಿನ ಎಂಜಿನ್ ಕೂಡಿಸಿ ‘ಏರ್ ಕ್ಯಾಂಪರ್’ ಎಂಬ ಮರದ ವಿಮಾನ ಮಾಡಿದ. 1932ರಲ್ಲಿ ಅದರ ನಕ್ಷೆ ಪ್ರಕಟವಾಯಿತು, ಇಂದಿಗೂ ಜನ ಅದನ್ನು ಕಟ್ಟುತ್ತಾರೆ. ಎಡ್ ಹೀತ್ ಎಂಬಾತ ತನ್ನ ‘ಪ್ಯಾರಸಾಲ್’ ವಿಮಾನದ ಬಿಡಿಭಾಗಗಳನ್ನೇ ಜೋಡಿಸಿಕೊಳ್ಳುವವರಿಗೆ ಮಾರಿದ. ಕಿಟ್ ಎಂದು ಈಗ ನಾವು ಕರೆಯುವ ವ್ಯಾಪಾರದ ಆರಂಭ ಅಲ್ಲಿದೆ.

ಆದರೆ ಈ ಕಾಲದ ಅತ್ಯಂತ ಬೋಧಪ್ರದವಾದ ಕಥೆ ಫ್ರಾನ್ಸಿನದು. ಆನ್ರಿ ಮಿನ್ಯೆ ಎಂಬವರು 1933ರಲ್ಲಿ ‘ಆಕಾಶದ ಚಿಗಟ’ ಎಂಬ ಅರ್ಥ ಕೊಡುವ ಹೆಸರಿನ ಸಣ್ಣ ವಿಮಾನವೊಂದನ್ನು ಹಾರಿಸಿ, ಮರುವರ್ಷ ಅದನ್ನು ಕಟ್ಟುವ ಕ್ರಮವನ್ನು ವಿವರಿಸುವ ಪುಸ್ತಕ ಬರೆದರು. ಸಾಮಾನಿನ ಪೆಟ್ಟಿಗೆಗೆ ಮೊಳೆ ಹೊಡೆಯಬಲ್ಲವನು ವಿಮಾನವನ್ನೂ ಕಟ್ಟಬಲ್ಲ ಎಂಬುದು ಅವರ ನಿಲುವಾಗಿತ್ತು. ಫ್ರಾನ್ಸ್, ಇಂಗ್ಲೆಂಡುಗಳಲ್ಲಿ ಸಾಮಾನ್ಯ ಜನರು ಮನೆ ಮನೆಗಳಲ್ಲಿ ಚಿಗಟಗಳನ್ನು ಕಟ್ಟತೊಡಗಿದರು. ಸ್ವಲ್ಪ ಕಾಲದಲ್ಲಿಯೇ ಅವು ನೆಲಕ್ಕೆ ಅಪ್ಪಳಿಸತೊಡಗಿದವು, ಕೆಲವರು ಸತ್ತರು. 1936ರಲ್ಲಿ ಇಂಗ್ಲೆಂಡು ಮತ್ತು ಫ್ರಾನ್ಸಿನ ದೊಡ್ಡ ಗಾಳಿಸುರಂಗಗಳಲ್ಲಿ ಅದನ್ನು ಇಟ್ಟು ಪರೀಕ್ಷಿಸಿದಾಗ ಕಾರಣ ತಿಳಿಯಿತು. ಒಂದರ ಹಿಂದೆ ಒಂದು ಇರಿಸಿದ ಅದರ ಎರಡು ರೆಕ್ಕೆಗಳು ತೀರ ಹತ್ತಿರವಿದ್ದುದರಿಂದ, ಮೂತಿ ಒಂದು ಮಿತಿ ಮೀರಿ ಕೆಳಗೆ ಬಾಗಿದರೆ ಚಾಲಕ ಕಡ್ಡಿಯನ್ನು ಎಷ್ಟು ಹಿಂದಕ್ಕೆ ಎಳೆದರೂ ವಿಮಾನ ಮೇಲೇಳದೆ ಇನ್ನಷ್ಟು ಕೆಳಗೆ ಧುಮುಕುತ್ತಿತ್ತು. ಕಟ್ಟಿದವರ ಕೈಕೆಲಸದಲ್ಲಿ ತಪ್ಪಿರಲಿಲ್ಲ, ನಕ್ಷೆಯಲ್ಲಿಯೇ ಮೃತ್ಯುವಿತ್ತು.

ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿ ಹೇಳಲು ಕಾರಣವಿದೆ. ನಾವು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ಕಡತಗಳ ನಡುವೆ ಬದುಕಿದವರು. ನಿಯಮವೆಂದರೆ ಜನರಿಗೆ ಅಡ್ಡಗಾಲು ಎಂಬ ಬೈಗುಳವನ್ನು ದಿನವೂ ಕೇಳುತ್ತೇವೆ, ಬಹಳ ಸಲ ಅದು ನಿಜವೂ ಹೌದು. ಆದರೆ ಪ್ರತಿಯೊಂದು ನಿಯಮದ ಹಿಂದೆಯೂ ಒಂದು ಹಳೆಯ ಅಪಘಾತ ಮಲಗಿರುತ್ತದೆ. ಅದನ್ನು ಮರೆತ ಅಧಿಕಾರಿ ನಿಯಮವನ್ನು ದೊಣ್ಣೆಯಾಗಿ ಬಳಸುತ್ತಾನೆ, ಅದನ್ನು ಮರೆತ ನಾಗರಿಕ ನಿಯಮವನ್ನು ಬರಿಯ ಕಾಗದವೆಂದು ತಿಳಿಯುತ್ತಾನೆ.

ಎರಡನೆಯ ಮಹಾಯುದ್ಧದ ನಂತರ ಅಮೆರಿಕ ಈ ಎರಡರ ನಡುವೆ ಒಂದು ಹಾದಿ ಕಂಡುಕೊಂಡಿತು. 1953ರ ಜನವರಿಯಲ್ಲಿ ಮಿಲ್‌ವಾಕಿಯಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಗೆಳೆಯರು ‘ಪ್ರಾಯೋಗಿಕ ವಿಮಾನ ಸಂಘ’ವನ್ನು ಕಟ್ಟಿದರು. ಕಟ್ಟುವವರು ಕಟ್ಟುವವರಿಗೆ ಕಲಿಸುವ ಸಂಘ ಅದು. ಅಲ್ಲಿನ ಕಾನೂನಿನ ಸಾರ ಇಷ್ಟು: ವಿಮಾನದ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಹವ್ಯಾಸಿಯು ತನ್ನ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ತಾನೇ ಮಾಡಿರಬೇಕು, ಮಾಡಿದ್ದಕ್ಕೆ ಸಾಕ್ಷ್ಯವಿಟ್ಟಿರಬೇಕು. ಆ ವಿಮಾನದ ಮೇಲೆ ‘ಪ್ರಾಯೋಗಿಕ’ ಎಂದು ಎದ್ದು ಕಾಣುವಂತೆ ಬರೆದಿರಬೇಕು. ಮೊದಲ ಹಲವು ಗಂಟೆಗಳ ಹಾರಾಟ ಜನವಸತಿಯಿಂದ ದೂರವಿದ್ದು ಪರೀಕ್ಷಾರ್ಥವಾಗಿ ನಡೆಯಬೇಕು. ಸರ್ಕಾರ ವಿಮಾನದ ಹೊಣೆಯನ್ನು ಹೊರುವುದಿಲ್ಲ, ಕಟ್ಟುವವನ ಸ್ವಾತಂತ್ರ್ಯವನ್ನು ಕಸಿಯುವುದೂ ಇಲ್ಲ.

ಹಾಗಾದರೆ ಇಂದು ಮನೆಯಲ್ಲಿ ಕಿಟ್ ವಿಮಾನ ಕಟ್ಟಹೊರಟವನು ಎಲ್ಲಿಂದ ಆರಂಭಿಸುತ್ತಾನೆ? ಲೋಹದ ಕಿಟ್‌ಗಳಲ್ಲಿ ಜಗತ್ಪ್ರಸಿದ್ಧವಾದುದು ರಿಚರ್ಡ್ ವ್ಯಾನ್‌ಗ್ರುನ್ಸ್‌ವೆನ್ 1970ರ ದಶಕದಲ್ಲಿ ಅಮೆರಿಕದ ಆರೆಗನ್ ರಾಜ್ಯದಲ್ಲಿ ಆರಂಭಿಸಿದ ಆರ್‌ವಿ ಮಾಲಿಕೆ. ಇದರಲ್ಲಿ ವಿಮಾನ ಒಂದೇ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಮೊದಲು ಬಾಲದ ಭಾಗ, ಆಮೇಲೆ ರೆಕ್ಕೆ, ಆಮೇಲೆ ಒಡಲು, ಕೊನೆಗೆ ಎಂಜಿನ್ ಮತ್ತು ಉಪಕರಣಗಳು ಹೀಗೆ ಕಂತುಕಂತಾಗಿ ಕೊಳ್ಳಬಹುದು. ಬಾಲವೇ ಮೊದಲಾಗುವುದು ಕಾರಣವಿಲ್ಲದೆ ಅಲ್ಲ. ಅದು ಚಿಕ್ಕದು, ಅಗ್ಗದ್ದು. ವಿಮಾನದ ಉಳಿದ ಭಾಗಕ್ಕೆ ಬೇಕಾಗುವ ಬಹುಪಾಲು ಕೌಶಲವನ್ನು ಅದು ಕಲಿಸುತ್ತದೆ. ತನ್ನಿಂದ ಆಗದು ಎಂದು ಅರಿತವನು ಅಲ್ಲಿಯೇ ನಿಂತರೆ ದಿವಾಳಿಯಾಗುವುದಿಲ್ಲ. ಅದಕ್ಕೂ ಮೊದಲು ಸಣ್ಣದೊಂದು ಅಭ್ಯಾಸದ ತುಂಡನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ ನೋಡುವ ಪದ್ಧತಿಯೂ ಇದೆ.

ಕೆಲಸದ ಕ್ರಮ ತಗಡಿನ ಕೆಲಸ ಬಲ್ಲವರಿಗೆ ಹೊಸತೇನಲ್ಲ. ತೆಳುವಾದ ಅಲ್ಯೂಮಿನಿಯಮ್ ತಗಡನ್ನು ಒಳಗಿನ ಪಕ್ಕೆಲುಬುಗಳ ಮೇಲೆ ಹೊದಿಸಿ, ಕ್ಲೀಕೋ ಎಂಬ ಸ್ಪ್ರಿಂಗಿನ ಗೂಟಗಳಿಂದ ತಾತ್ಕಾಲಿಕವಾಗಿ ಹಿಡಿಸುತ್ತಾರೆ. ರಂಧ್ರಗಳನ್ನು ಸರಿಯಾದ ಅಳತೆಗೆ ಕೊರೆದು, ಎಲ್ಲವನ್ನೂ ಮತ್ತೆ ಬಿಚ್ಚಿ, ಪ್ರತಿಯೊಂದು ರಂಧ್ರದ ಅಂಚಿನಲ್ಲೆದ್ದ ಮುಳ್ಳನ್ನು ಹೆರೆದು ನಯಗೊಳಿಸುತ್ತಾರೆ. ತುಕ್ಕು ತಡೆಯುವ ಬಣ್ಣ ಬಳಿದು ಮತ್ತೆ ಜೋಡಿಸಿ ಆಮೇಲೆ ರಿವೆಟ್ ಹೊಡೆಯುತ್ತಾರೆ. ಒಂದು ಕಡೆಯಿಂದ ಗಾಳಿಯ ಬಂದೂಕು ಬಡಿಯುವಾಗ ಇನ್ನೊಂದು ಕಡೆಯಲ್ಲಿ ಉಕ್ಕಿನ ಗಟ್ಟಿಯೊಂದನ್ನು ಒತ್ತಿ ಹಿಡಿಯಬೇಕು. ಆದ್ದರಿಂದ ಹಲವೆಡೆ ಇಬ್ಬರು ಬೇಕು. ಎಷ್ಟೋ ವಿಮಾನಗಳು ಗಂಡಹೆಂಡಿರ, ತಂದೆಮಕ್ಕಳ ವಿಮಾನಗಳಾಗುವುದು ಹೀಗೆ. ರಂಧ್ರದ ಅಂಚನ್ನು ಹೆರೆಯುವುದು ಬೇಸರದ ಕೆಲಸ, ಯಾರ ಕಣ್ಣಿಗೂ ಕಾಣದ ಕೆಲಸ. ಆದರೆ ಹೆರೆಯದೆ ಬಿಟ್ಟ ಅಂಚಿನಲ್ಲಿಯೇ ವರ್ಷಗಳ ಕಂಪನದಿಂದ ಬಿರುಕು ಮೂಡುವುದು. ಎರಡು ಆಸನಗಳ ಸಾಧಾರಣ ವಿಮಾನಕ್ಕೆ ಸಾವಿರಾರು ರಿವೆಟ್‌ಗಳು, ಒಂದೂವರೆ ಎರಡು ಸಾವಿರ ಗಂಟೆಗಳ ದುಡಿಮೆ ಬೇಕು. ರಜೆಯ ದಿನಗಳಲ್ಲಿ ಮಾತ್ರ ಕೆಲಸ ಮಾಡುವವನಿಗೆ ಇದು ಅನೇಕ ವರ್ಷಗಳ ವ್ರತ.

ಇಷ್ಟಕ್ಕೂ ಮುಂಚೆ ಜಾಗ ಬೇಕು. ಅಮೆರಿಕದವನಿಗೆ ಎರಡು ಕಾರು ನಿಲ್ಲುವ ಗ್ಯಾರೇಜು ಇರುತ್ತದೆ. ಮುಂಬಯಿಯವನಿಗೆ ಏನಿದೆ? ಧಾರಾವಿಯಲ್ಲಿ ಹತ್ತಡಿ ಚೌಕದ ಕೋಣೆಯಲ್ಲಿ ಇಡೀ ಸಂಸಾರ ಬಾಳುತ್ತದೆ. ಪುಟ್ಟ ವಿಮಾನದ ಒಂದು ಪಾರ್ಶ್ವದ ರೆಕ್ಕೆಯೇ ಆ ಕೋಣೆಗೆ ಹಿಡಿಸುವುದು ಕಷ್ಟ. ಈ ಊರಿನಲ್ಲಿ ನೆಲ ಮುಗಿದಾಗ ಜನ ಮೇಲಕ್ಕೆ ಹೋಗುತ್ತಾರೆ. ಯಾದವ್ ತಾರಸಿಗೆ ಹೋದರು.

ಯಾದವರ ವಿಮಾನ ಕಿಟ್‌ನಿಂದಾದುದಲ್ಲ, ಅವರದೇ ವಿನ್ಯಾಸ. ಆದ್ದರಿಂದ ಅವರ ದಾರಿ ಇನ್ನೂ ಕಡಿದಾಗಿತ್ತು. 1990ರ ದಶಕದಲ್ಲಿ ಅಮೆರಿಕದಲ್ಲಿ ಚಾಲಕ ತರಬೇತಿ ಪಡೆಯುವಾಗ ಚಿಗುರಿದ ಆಸೆ ಅದು. ಊರಿಗೆ ಮರಳಿದ ಮೇಲೆ ಮಾಡಿದ ಮೊದಲ ಎರಡು ಪ್ರಯತ್ನಗಳು ಹಾರುವ ಹಂತಕ್ಕೆ ಮುಟ್ಟಲಿಲ್ಲ. ಜೆಟ್ ಏರ್‌ವೇಸ್‌ನಲ್ಲಿ ಚಾಲಕರಾಗಿ ದುಡಿಯುತ್ತಲೇ ಮೂರನೆಯದನ್ನು ತಾರಸಿಯ ಮೇಲೆ ಕಟ್ಟಿದರು. ಹೆಸರು ಟಿಎಸಿ-003, ಆ ಕೊನೆಯ ಮೂರು ಎಂಬ ಅಂಕಿಯಲ್ಲಿಯೇ ಹಿಂದಿನ ಎರಡು ಸೋಲುಗಳ ಲೆಕ್ಕವಿದೆ. ಕಟ್ಟಿ ಮುಗಿದ ವಿಮಾನವನ್ನು ಮತ್ತೆ ಬಿಚ್ಚಿ, ಭಾಗಗಳನ್ನು ಕ್ರೇನಿನಿಂದ ಬೀದಿಗಿಳಿಸಿ, ಮೈದಾನದಲ್ಲಿ ಪುನಃ ಜೋಡಿಸಿದ್ದನ್ನೇ ನಾವು 2016ರಲ್ಲಿ ನೋಡಿದ್ದು.

ಆಗ ಅದಕ್ಕೆ ನೋಂದಣಿ ಇರಲಿಲ್ಲ. 2011ರಲ್ಲಿ ಹಾಕಿದ ಅರ್ಜಿ, ನಡುವೆ ಬದಲಾದ ನಿಯಮಗಳ ದೆಸೆಯಿಂದ, ಕಡತವಾಗಿಯೇ ಉಳಿದಿತ್ತು. ಪ್ರದರ್ಶನದ ನಂತರ ರಾಜ್ಯ ಮತ್ತು ಕೇಂದ್ರ ಸರ್ಕಾರಗಳ ಗಮನ ಅದರತ್ತ ಹರಿಯಿತು. 2017ರ ನವೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ವಿಟಿ-ಎನ್‌ಎಂಡಿ ಎಂಬ ಗುರುತಿನೊಡನೆ ಅದನ್ನು ನೋಂದಾಯಿಸಿತು. ಹಾರಾಟದ ಪರವಾನಗಿ 2019ರಲ್ಲಿ ದೊರೆಯಿತು. 2020ರಲ್ಲಿ ಧುಳೆಯ ವಿಮಾನ ಪಟ್ಟಿಯಲ್ಲಿ ಅದು ನೆಲ ಬಿಟ್ಟಿತು. ತಾರಸಿಯಿಂದ ಆಕಾಶಕ್ಕೆ ಇರುವ ಅಂತರ ಕೆಲವು ಅಡಿಗಳದಷ್ಟೇ ಎಂದು ಕಾಣಬಹುದು. ಅರ್ಜಿಯ ದಿನದಿಂದ ಎಣಿಸಿದರೆ ಆ ಅಂತರ ಒಂಬತ್ತು ವರ್ಷ.

ಇಲ್ಲಿ ನಾವು ಯಾರ ಪಕ್ಷ ವಹಿಸಬೇಕು? ಕಟ್ಟಿದವನ ಪಕ್ಷ ವಹಿಸುವುದು ಸುಲಭ, ಸಹಜ. ಆದರೆ ಮಿನ್ಯೆಯ ಚಿಗಟಗಳನ್ನು ನೆನೆದರೆ ಪರೀಕ್ಷಿಸುವವನ ಸಂಕಟವೂ ತಿಳಿಯುತ್ತದೆ. ಒಂದೂವರೆ ಕೋಟಿ ಜನರ ಊರಿನ ಮೇಲೆ ಹಾರಬಯಸುವ ಯಂತ್ರಕ್ಕೆ ಕಣ್ಣುಮುಚ್ಚಿ ಮುದ್ರೆ ಒತ್ತಲಾಗದು. ತಪ್ಪಿರುವುದು ಪರೀಕ್ಷಿಸುವುದರಲ್ಲಿ ಅಲ್ಲ, ಪರೀಕ್ಷಿಸದೆ ಇಟ್ಟುಕೊಳ್ಳುವುದರಲ್ಲಿ. ‘ಇಲ್ಲ’ ಎಂಬ ಉತ್ತರಕ್ಕೆ ಕಾರಣ ಕೊಡಬೇಕಾಗುತ್ತದೆ, ಕಾರಣ ತಿಳಿದರೆ ಕಟ್ಟುವವನು ತಿದ್ದಿಕೊಳ್ಳುತ್ತಾನೆ. ಉತ್ತರವೇ ಇಲ್ಲದ ಕಡತದಿಂದ ಯಾರೂ ಏನನ್ನೂ ಕಲಿಯುವುದಿಲ್ಲ. ಇದನ್ನು ಮೇಜಿನ ಆ ಕಡೆಯಲ್ಲಿ ಕುಳಿತಿರುವ ನಾವೇ ಹೇಳದಿದ್ದರೆ ಬೇರೆ ಯಾರು ಹೇಳಬೇಕು?

ಬಿಡಿಭಾಗ ತಂದು ಜೋಡಿಸುವುದು ಕೀಳು ಕೆಲಸ, ಸ್ವಂತ ವಿನ್ಯಾಸವೇ ಮೇಲು ಎಂಬ ಭಾವವೂ ನಮ್ಮಲ್ಲಿದೆ. ಕನ್ನಡನಾಡಿನ ಚರಿತ್ರೆ ಇದನ್ನು ಒಪ್ಪುವುದಿಲ್ಲ. ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ಬೆಂಬಲ ಪಡೆದು 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಆ ಕಾರ್ಖಾನೆಯಿಂದ 1941ರಲ್ಲಿ ಮೊದಲು ಹೊರಬಂದ ಹಾರ್ಲೋ ವಿಮಾನ ಅಮೆರಿಕದಿಂದ ಬಂದ ಭಾಗಗಳನ್ನು ಜೋಡಿಸಿದ್ದು. ಹತ್ತು ವರ್ಷ ಕಳೆದು 1951ರಲ್ಲಿ ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಅಲ್ಲಿಯೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ ಹಾರಿತು. 1958ರಲ್ಲಿ ಬಟ್ಟೆ ಹೊದಿಸಿದ ರೆಕ್ಕೆಯ ‘ಪುಷ್ಪಕ್’ ಬಂದು ದೇಶದ ಹಾರಾಟ ಕ್ಲಬ್ಬುಗಳನ್ನು ತುಂಬಿತು. ಜೋಡಿಸಿದ ಕೈಗಳೇ ಮುಂದೆ ಸೃಷ್ಟಿಸಿದವು.

ಎರಡನೆಯ ಉದಾಹರಣೆ ಇನ್ನೂ ಹತ್ತಿರದ್ದು. ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲಿ ಕಟ್ಟುವವರಿಗೆಂದೇ ‘ಲಾಂಗ್-ಈಝೀ’ ಎಂಬ ವಿಮಾನದ ನಕ್ಷೆಗಳನ್ನು ಮಾರುತ್ತಿದ್ದರು. ಫೋಮನ್ನು ಕಾದ ತಂತಿಯಿಂದ ಕೊಯ್ದು ರೆಕ್ಕೆಯ ಆಕಾರ ಮಾಡಿ, ಅದರ ಮೇಲೆ ಗಾಜಿನ ನಾರಿನ ಬಟ್ಟೆಯನ್ನು ಅಂಟಿನಲ್ಲಿ ತೋಯಿಸಿ ಹೊದಿಸುವ ವಿಧಾನ ಅದು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ 1980ರ ದಶಕದಲ್ಲಿ ಇದೇ ವಿನ್ಯಾಸವನ್ನು ಆಧರಿಸಿ ಸಂಶೋಧನಾ ವಿಮಾನವೊಂದನ್ನು ಕಟ್ಟಿತು. ಹವ್ಯಾಸಿಯ ನಕ್ಷೆಯನ್ನು ಮುಂದಿಟ್ಟುಕೊಂಡು ಕಲಿಯಲು ರಾಷ್ಟ್ರೀಯ ಸಂಸ್ಥೆ ನಾಚಲಿಲ್ಲ. ನಾರು ಮತ್ತು ಅಂಟಿನ ಆ ವಿದ್ಯೆ 1993ರಲ್ಲಿ ಮೊದಲು ಹಾರಿದ ‘ಹಂಸ’ಕ್ಕೆ ಒದಗಿತು.

ಇನ್ನೊಂದು ಸಂಗತಿ ಬಹುಶಃ ನಮ್ಮಲ್ಲಿ ಅನೇಕರಿಗೆ ತಿಳಿಯದು. ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್ ಸಂಸ್ಥೆ ‘ಎಕ್ಸ್-ಏರ್’ ಎಂಬ ಹಗುರ ವಿಮಾನವನ್ನು ಕಿಟ್ ರೂಪದಲ್ಲಿ ತಯಾರಿಸಿ ಹೊರದೇಶಗಳಿಗೆ ಕಳುಹಿಸಿತು. ಅಲ್ಯೂಮಿನಿಯಮ್ ಕೊಳವೆಗಳ ಅಸ್ಥಿಪಂಜರ, ಅದಕ್ಕೆ ಅಂಗಿಯಂತೆ ತೊಡಿಸುವ ಹೊಲಿದ ಬಟ್ಟೆ, ಒಂದು ಸಣ್ಣ ಎಂಜಿನ್, ಇಷ್ಟೇ ಅದರ ರಚನೆ. ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ ಮನೆಯ ಗ್ಯಾರೇಜುಗಳಲ್ಲಿ ಬಿಚ್ಚಿದ ಪೆಟ್ಟಿಗೆಗಳಲ್ಲಿ ಕನ್ನಡನಾಡಿನಲ್ಲಿ ಹೊಲಿದ ರೆಕ್ಕೆಗಳಿದ್ದವು. ಕಿಟ್ ಎಂದರೆ ಪಶ್ಚಿಮದಿಂದ ಬರುವುದೆಂಬ ನಮ್ಮ ಕಲ್ಪನೆಗೆ ಇದು ಉತ್ತರ.

ಈಗ ಆ ಹಿರಿಯರ ಮಾತಿಗೆ ಬರೋಣ. ವಿಮಾನದ ತಗಡು ಬರಿಯ ಅಲ್ಯೂಮಿನಿಯಮ್ ಅಲ್ಲ. 20ನೆಯ ಶತಮಾನದ ಮೊದಲ ದಶಕದಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬ ಲೋಹಶಾಸ್ತ್ರಜ್ಞ, ಸ್ವಲ್ಪ ತಾಮ್ರ ಮತ್ತು ಮೆಗ್ನೀಸಿಯಮ್ ಬೆರೆಸಿದ ಅಲ್ಯೂಮಿನಿಯಮ್ಮನ್ನು ಕಾಯಿಸಿ ತಟ್ಟನೆ ತಣಿಸಿದರೆ ಅದು ಮುಂದಿನ ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಕಂಡುಕೊಂಡ. ಇಂದು ವಿಮಾನಕ್ಕೆ ಬಳಸುವ 2024 ಎಂಬ ಸಂಖ್ಯೆಯ ಮಿಶ್ರಲೋಹ ಆ ವಂಶದ್ದೇ. ಅದರಲ್ಲಿ ಎಷ್ಟು ತಾಮ್ರವಿದೆ, ಎಷ್ಟು ಬಿಸಿಗೆ ಕಾಯಿಸಲಾಯಿತು, ಹೇಗೆ ತಣಿಸಲಾಯಿತು ಎಂಬುದೇ ಅದರ ಬಲ. ಇವು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ತಿಳಿಯುವುದಿಲ್ಲ. ಆದ್ದರಿಂದ ತಗಡಿನೊಡನೆ ಒಂದು ಕಾಗದ ಬರುತ್ತದೆ: ಯಾವ ಗಿರಣಿ, ಯಾವ ಪಾಕ, ಯಾವ ಪರೀಕ್ಷೆ.

ಧಾರಾವಿಯ ಹದಿಮೂರನೆಯ ಕಾಂಪೌಂಡಿನಲ್ಲಿಯೂ ಅಲ್ಯೂಮಿನಿಯಮ್ ಕರಗುತ್ತದೆ. ಒಡೆದ ಪಾತ್ರೆ, ತಂಪು ಪಾನೀಯದ ಡಬ್ಬಿ, ಮುರಿದ ಕಿಟಕಿಯ ಚೌಕಟ್ಟು, ಎಂಜಿನ್ನಿನ ತುಂಡು ಎಲ್ಲವೂ ಒಂದೇ ಕುಲುಮೆಗೆ ಬಿದ್ದು ಇಟ್ಟಿಗೆಯಂಥ ಗಟ್ಟಿಗಳಾಗಿ ಹೊರಬರುತ್ತವೆ. ಅದು ಒಳ್ಳೆಯ ಲೋಹವೇ, ಮತ್ತೆ ಪಾತ್ರೆಯಾಗುತ್ತದೆ, ಬಿಡಿಭಾಗವಾಗುತ್ತದೆ. ಆದರೆ ಅದರೊಳಗೆ ಏನೇನಿದೆ ಎಂದು ಹೇಳುವ ಕಾಗದವಿಲ್ಲದ ಕಾರಣ ಅದು ವಿಮಾನದ ರೆಕ್ಕೆಯಾಗದು. ಹುಟ್ಟೂರು ಗೊತ್ತಿಲ್ಲದ ಲೋಹವೆಂದು ಅವರು ಹೇಳಿದ್ದು ಇದನ್ನೇ. ನಾವು ಪುಸ್ತಕ ಓದಿ ಅರಿತದ್ದನ್ನು ಅವರು ನಲವತ್ತು ವರ್ಷ ತಗಡು ಬಗ್ಗಿಸಿ ಅರಿತಿದ್ದರು.

ಕಿಟ್ ಕಟ್ಟುವವನೂ ಇದೇ ಕಾಗದದ ಶಿಸ್ತಿಗೆ ಒಳಪಟ್ಟವನು. ಆರಂಭಿಸುವವನಿಗೆ ಹಿರಿಯರು ಹೇಳಿಕೊಡುವ ಮೊದಲ ಪಾಠಗಳಲ್ಲಿ ಒಂದು, ಡ್ರಿಲ್ ಕೈಗೆತ್ತಿಕೊಳ್ಳುವ ಮುನ್ನ ದಿನಚರಿಯ ಪುಸ್ತಕ ತೆರೆಯುವುದು. ಇಂದು ಎಷ್ಟು ಗಂಟೆ ಕೆಲಸ, ಯಾವ ಭಾಗ, ಯಾವ ತಪ್ಪು, ಹೇಗೆ ತಿದ್ದಿದೆ ಎಂಬುದನ್ನು ಬರೆಯಬೇಕು, ತಾನು ಕೆಲಸ ಮಾಡುವ ಫೋಟೊ ಅಂಟಿಸಬೇಕು, ರಸೀದಿಗಳನ್ನು ಕಾಪಿಡಬೇಕು. ವರ್ಷಗಳ ನಂತರ ಪರೀಕ್ಷಕ ಬಂದಾಗ ಮುಚ್ಚಿಹೋದ ರೆಕ್ಕೆಯ ಒಳಗನ್ನು ಅವನಿಗೆ ತೋರಿಸುವುದು ಆ ಪುಸ್ತಕ ಮಾತ್ರ. ಬ್ರಿಟನ್ನಿನಲ್ಲಿ ನೆಲಸಿದ ಕೇರಳ ಮೂಲದ ಎಂಜಿನಿಯರೊಬ್ಬರು ಕೋವಿಡ್ ಕಾಲದಲ್ಲಿ ದಕ್ಷಿಣ ಆಫ್ರಿಕದ ‘ಸ್ಲಿಂಗ್’ ಕಿಟ್ ತರಿಸಿ ನಾಲ್ಕು ಆಸನಗಳ ವಿಮಾನ ಕಟ್ಟಿ, 2022ರಲ್ಲಿ ಹೆಂಡತಿ ಮಕ್ಕಳೊಡನೆ ಯೂರೋಪಿನಲ್ಲಿ ಹಾರಾಡಿದ್ದನ್ನು ಪತ್ರಿಕೆಗಳಲ್ಲಿ ಓದಿದೆವು. ಅವರ ಕೌಶಲ ಮೆಚ್ಚತಕ್ಕದ್ದೇ. ಅದರೊಡನೆ, ಬರೆದಿಟ್ಟದ್ದನ್ನು ಕಾಲಕ್ಕೆ ಸರಿಯಾಗಿ ಬಂದು ನೋಡಿ ಹೌದು ಅಥವಾ ಅಲ್ಲ ಎನ್ನುವ ವ್ಯವಸ್ಥೆಯೂ ಅಲ್ಲಿತ್ತು.

2024ರ ಮಾರ್ಚಿನಲ್ಲಿ ಧಾರಾವಿಯ ಪುನರ್ವಿಕಾಸಕ್ಕಾಗಿ ಮನೆಮನೆಯ ಸಮೀಕ್ಷೆ ಆರಂಭವಾಯಿತು. ನೆಲಮಹಡಿಯಲ್ಲಿ 2000ನೆಯ ಇಸವಿಯ ಜನವರಿ 1ಕ್ಕೆ ಮೊದಲಿನಿಂದ ಇರುವವರಿಗೆ ಅಲ್ಲಿಯೇ ಉಚಿತ ಮನೆ. ಇದ್ದೇವೆಂದು ತೋರಿಸಲು ಕಾಗದ ಬೇಕು. ಒಂದು ಭಾನುವಾರ ಆ ಹಿರಿಯರು ಅರ್ಜಿ ತುಂಬಿಸಲೆಂದು ನಮ್ಮ ಮನೆಗೆ ಬಂದರು. ಪ್ಲಾಸ್ಟಿಕ್ ಚೀಲವೊಂದರಿಂದ ಒಂದೊಂದಾಗಿ ತೆಗೆದಿಟ್ಟರು: ರೇಷನ್ ಕಾರ್ಡು, ಲೈಟ್ ಬಿಲ್ಲುಗಳು, ಮಗಳ ಶಾಲೆಯ ದಾಖಲೆ, 1980ರ ದಶಕದ ಒಂದು ಬಾಡಿಗೆ ರಸೀದಿ. ಯಾವುದೂ ಮಡಿಕೆಯಲ್ಲಿ ಹರಿದಿರಲಿಲ್ಲ. ವರ್ಷದ ಕ್ರಮದಲ್ಲಿ ಜೋಡಿಸಿ ದಾರ ಕಟ್ಟಿದ್ದರು. “ಆ ವಿಮಾನದ ಪತ್ರಾದಂಗ ನಮ್ದೂ ಹುಟ್ಟಿದೂರು ಕೇಳ್ಯಾರ ರೀ ಸಾಹೇಬ್ರ” ಎಂದು ನಕ್ಕರು.

ಅಂದು ನಾವು ಬಹಳ ಎಚ್ಚರದಿಂದ ಅರ್ಜಿ ತುಂಬಿದೆವು. ಪ್ರತಿಯೊಂದು ಕಾಗದದ ದಿನಾಂಕವನ್ನು ಎರಡು ಸಲ ನೋಡಿ ಬರೆದೆವು. ಲೋಹವನ್ನು ಕುಲುಮೆಗೆ ಹಾಕಿ ಪರೀಕ್ಷಿಸಬಹುದು, ಸೋತರೆ ಮತ್ತೆ ಕರಗಿಸಬಹುದು. ನಲವತ್ತು ವರ್ಷ ಒಂದೇ ಗಲ್ಲಿಯಲ್ಲಿ ರಿವೆಟ್ ಹೊಡೆದವರ ಬಾಳಿಗೆ ಆ ಸೌಲಭ್ಯವಿಲ್ಲ. ಆದ್ದರಿಂದಲೇ ಅಂಥ ಕಡತ ಮೇಜಿನ ಮೇಲೆ ಒಂಬತ್ತು ವರ್ಷ ಕಾಯಬಾರದು. ಅರ್ಜಿ ಮಡಚಿ ಚೀಲದೊಳಗಿಟ್ಟ ಮೇಲೆ ಅವರು ಹೊರಡುವ ಮುನ್ನ ಕೇಳಿದ್ದು ಬೇರೆಯೇ: “ಆ ಮಾಳಿಗಿ ಮ್ಯಾಲಿನ ವಿಮಾನ ಹಾರ್ತೇನ್ರೀ?” ಹಾರಿತು ಎಂದೆವು. ಅವರು ಸಮಾಧಾನದಿಂದ ತಲೆಯಾಡಿಸಿ ಮೆಟ್ಟಿಲಿಳಿದರು.